ನಿಮಗಿದು ಗೊತ್ತೇ? ಯಾವ ಆಪ್‌ನ ಕಿವಿ ಹಿಂಡಬೇಕು?

ಅರಸೀಕೆರೆಯ ಯಾವುದಾದರೂ ಮದುವೆ ಛತ್ರದಲ್ಲಿ ಮೈಕ್‌ಸೆಟ್ಟಿನವರ ಪಕ್ಕ ಒಂದು ನಿಮಿಷ ನಿಂತು ನೋಡಿ. ಆಂಪ್ಲಿಫೈಯರಿನ ಮುಂಭಾಗದಲ್ಲಿ ಸಾಲಾಗಿ ತಿರುಗಿಸುವ ಗುಂಡಿಗಳು: ಪುರೋಹಿತರ ಮೈಕಿಗೊಂದು, ಆರತಿ ಹಾಡುವವರ ಮೈಕಿಗೊಂದು, ಪೆನ್‌ಡ್ರೈವ್ ಹಾಡಿಗೊಂದು, ಕೊನೆಗೆ ಎಲ್ಲಕ್ಕೂ ಸೇರಿ ಮಾಸ್ಟರ್. ಮಾಂಗಲ್ಯಧಾರಣೆಯ ಹೊತ್ತಿಗೆ ಹಾಡಿನ ಗುಂಡಿ ಇಳಿಯುತ್ತದೆ, ಮಂತ್ರದ್ದು ಏರುತ್ತದೆ, ಮಾಸ್ಟರ್ ಇದ್ದಲ್ಲೇ ಇರುತ್ತದೆ. ಇಷ್ಟು ಸರಳವಾದ ಸವಲತ್ತು ವಿಂಡೋಸ್ ಕಂಪ್ಯೂಟರಿಗೆ ಬಂದದ್ದು 2007ರಲ್ಲಿ ಎಂಬುದು ನಿಮಗೆ ಗೊತ್ತೇ? ಮೊದಲ ವಿಂಡೋಸ್ ಹೊರಬಂದದ್ದು 1985ರಲ್ಲಿ!

ಅದಕ್ಕೂ ಮೊದಲು ಏನಿತ್ತು? ವಿಂಡೋಸ್ ಎಕ್ಸ್‌ಪಿಯಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಚಿತ್ರವನ್ನು ಎರಡು ಸಲ ಒತ್ತಿದರೆ ಒಂದು ಫಲಕ ತೆರೆಯುತ್ತಿತ್ತು. ಅಲ್ಲೂ ಸ್ಲೈಡರ್‌ಗಳ ಸಾಲೇ: ವೇವ್, ಸಿಂತ್, ಸಿಡಿ, ಲೈನ್ ಇನ್. ಆದರೆ ಅವು ಸದ್ದು ಬರುವ ದಾರಿಗಳ ಹೆಸರು, ಸದ್ದು ಮಾಡುವವರದ್ದಲ್ಲ. ವಿನ್‌ಆಂಪ್‌ನಲ್ಲಿ ಹಾಕಿದ ರಾಜ್‌ಕುಮಾರ್ ಹಾಡು, ಮೆಸೆಂಜರಿನ ‘ಟಿಂಗ್’, ಆಟದೊಳಗಿನ ಬಂದೂಕು, ಮೂರೂ ‘ವೇವ್’ ಎಂಬ ಒಂದೇ ಬಾಗಿಲಿನಿಂದ ಹೊರಬರುತ್ತಿದ್ದವು. ಮೆಸೆಂಜರಿನ ಬಾಯಿ ಮುಚ್ಚಿಸಲು ಹೋದರೆ ಅಣ್ಣಾವ್ರೂ ಸುಮ್ಮನಾಗುತ್ತಿದ್ದರು.

2007ರ ಜನವರಿ 30ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾವನ್ನು ಬೈಯದವರಿಲ್ಲ. ಕಂಪ್ಯೂಟರ್ ನಿಧಾನ, ಮಾತುಮಾತಿಗೂ ಅನುಮತಿ ಕೇಳುವ ಕಾಟ. ಆದರೂ ಸದ್ದಿನ ವಿಷಯದಲ್ಲಿ ಅದು ಮಾಡಿದ ಕೆಲಸ ದೊಡ್ಡದು. ಪ್ರತಿ ಪ್ರೋಗ್ರಾಂನ ಸದ್ದನ್ನೂ ಪ್ರತ್ಯೇಕ ‘ಸೆಷನ್’ ಎಂದು ಎಣಿಸಿ, ಒಂದೊಂದಕ್ಕೂ ಬೇರೆ ಸ್ಲೈಡರ್ ಕೊಟ್ಟಿತು. ವಿಂಡೋಸಿನದೇ ಟಣ್-ಟುಣ್ ಸದ್ದುಗಳಿಗೆ ‘ಸಿಸ್ಟಂ ಸೌಂಡ್ಸ್’ ಎಂಬ ಪ್ರತ್ಯೇಕ ಕಂಬ ಸಿಕ್ಕಿತು. ಆ ಒಂದು ಕಂಬವನ್ನು ಪೂರ್ತಿ ಕೆಳಕ್ಕೆಳೆದು ನೆಮ್ಮದಿ ಕಂಡವರು ಎಷ್ಟು ಜನವೋ!

ಲಿನಕ್ಸ್‌ನವರ ಪಾಡು ಇನ್ನೂ ಬೇರೆ. ಹಳೆಯ ದಿನಗಳಲ್ಲಿ ಎಷ್ಟೋ ಕಂಪ್ಯೂಟರುಗಳಲ್ಲಿ ಒಂದು ಪ್ರೋಗ್ರಾಂ ಸೌಂಡ್ ಕಾರ್ಡನ್ನು ಹಿಡಿದು ಕೂತರೆ ಇನ್ನೊಂದಕ್ಕೆ ಸದ್ದೇ ಇಲ್ಲ, ‘ಸಾಧನ ಬಿಡುವಿಲ್ಲ’ ಎಂಬ ಉತ್ತರವಷ್ಟೇ. ಆಪ್‌ಗೊಂದು ಗುಂಡಿ ಕೇಳುವ ಮಾತು ಹಾಗಿರಲಿ, ಎರಡು ಆಪ್ ಒಟ್ಟಿಗೆ ಉಲಿಯುವುದೇ ದೊಡ್ಡ ಸಂಗತಿ. ಜರ್ಮನಿಯ ಲೆನಾರ್ಟ್ ಪಾಟರಿಂಗ್ 2004ರಲ್ಲಿ ‘ಪಾಲಿಪ್‌ಆಡಿಯೋ’ ಎಂಬ ತಂತ್ರಾಂಶ ಆರಂಭಿಸಿದರು. 2006ರಲ್ಲಿ ಅದರ ಹೆಸರು ‘ಪಲ್ಸ್‌ಆಡಿಯೋ’ ಆಯಿತು. 2007ರ ನವೆಂಬರಿನ ಫೆಡೋರಾ 8, 2008ರ ಏಪ್ರಿಲ್‌ನ ಉಬುಂಟು 8.04 ಎಂಬ ಲಿನಕ್ಸ್ ವಿತರಣೆಗಳು ಇದನ್ನು ಒಳಗೆ ಸೇರಿಸಿಕೊಂಡವು. ಎಲ್ಲ ಪ್ರೋಗ್ರಾಂಗಳೂ ತಮ್ಮ ಸದ್ದನ್ನು ಇದರ ಕೈಗೆ ಕೊಡುತ್ತವೆ. ಇದು ಅಳೆದು, ಬೆರೆಸಿ, ಕಾರ್ಡಿಗೆ ದಾಟಿಸುತ್ತದೆ. ಬೆರೆಸುವವನು ಒಬ್ಬನೇ ಆದಾಗ ಒಬ್ಬೊಬ್ಬರ ಕಿವಿ ಹಿಂಡುವುದು ಸುಲಭ.

ಈ ಸವಲತ್ತು ಸದ್ದಿಲ್ಲದೆ ತಲುಪಿರುವ ಕನ್ನಡದ ಊರು ಯಾವುದು ಬಲ್ಲಿರಾ? ಕಾಸರಗೋಡು. ಕೇರಳದ ಸರಕಾರಿ ಶಾಲೆಗಳು ‘ಐಟಿ ಅಟ್ ಸ್ಕೂಲ್’ ಯೋಜನೆಯ ಕಾಲದಿಂದಲೂ ಮುಕ್ತ ತಂತ್ರಾಂಶವನ್ನೇ ಬಳಸುತ್ತವೆ. ಈಗ ಯೋಜನೆಯ ಹೊಣೆ ಹೊತ್ತಿರುವ ‘ಕೈಟ್’ ಸಂಸ್ಥೆ ಕೊಡುವ ಕಾರ್ಯಾಚರಣೆ ವ್ಯವಸ್ಥೆಗೆ ಉಬುಂಟುವೇ ಬುನಾದಿ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕೂರುವ ಕಂಪ್ಯೂಟರಿನಲ್ಲಿ ಆಪ್‌ಗೊಂದು ಸ್ಲೈಡರ್ ತಾನಾಗಿಯೇ ಇದೆ.

ಇನ್ನು ಒಂದು ದೊಡ್ಡ ಜಗಳದ ಕತೆ. ಅದಕ್ಕೆ ಸ್ವಲ್ಪ ಜಾಗ ಕೊಡಲೇಬೇಕು.

ಮಾಸ್ಟರ್ ಅರ್ಧಕ್ಕಿದೆ, ಹಾಡಿನ ಆಪ್ ಅರ್ಧಕ್ಕಿದೆ ಎಂದುಕೊಳ್ಳಿ. ಕಿವಿಗೆ ಬೀಳುವುದು ಎಷ್ಟು? ಮೈಕ್‌ಸೆಟ್ಟಿನ ಲೆಕ್ಕದಲ್ಲಿ ಎರಡೂ ಗುಣಾಕಾರವಾಗುತ್ತವೆ: ಅರ್ಧದ ಅರ್ಧ, ಅಂದರೆ ಕಾಲು. ಬಳಸುವವರಿಗೆ ಈ ಗುಣಾಕಾರ ತಲೆನೋವು ಎಂದು ವಿನ್ಯಾಸಕಾರರಿಗೆ ಅನಿಸಿತು. 2009ರಲ್ಲಿ ಪಲ್ಸ್‌ಆಡಿಯೋ ‘ಫ್ಲಾಟ್ ವಾಲ್ಯೂಮ್’ ಎಂಬ ಪದ್ಧತಿ ತಂದಿತು. ಇದರಲ್ಲಿ ಗುಣಾಕಾರವೇ ಇಲ್ಲ. ಅತ್ಯಂತ ಜೋರಾಗಿರುವ ಆಪ್ ಎಲ್ಲಿದೆಯೋ ಅಲ್ಲೇ ಮಾಸ್ಟರ್. ಆಪ್‌ನ ಸ್ಲೈಡರನ್ನು ಮಾಸ್ಟರಿಗಿಂತ ಮೇಲೆ ಎಳೆದರೆ ಮಾಸ್ಟರೂ ಅದರ ಜೊತೆ ಏರುತ್ತದೆ. ವಿಂಡೋಸಿನ ಮಿಕ್ಸರ್ ಕಿಟಕಿಯಲ್ಲೂ ಸ್ಲೈಡರ್‌ಗಳು ಹೀಗೇ ಕೈಕೈ ಹಿಡಿದು ಓಡಾಡುತ್ತಿದ್ದವು.

ಕಾಗದದ ಮೇಲೆ ಚೆಂದ. ಆದರೆ ಯಾವುದೋ ಪ್ರೋಗ್ರಾಂ ತೆರೆದುಕೊಳ್ಳುತ್ತಲೇ ‘ನನ್ನ ವಾಲ್ಯೂಮ್ ನೂರಕ್ಕೆ ನೂರು’ ಎಂದು ಹೇಳಿಕೊಂಡರೆ? ಇಡೀ ಕಂಪ್ಯೂಟರ್ ನೂರಕ್ಕೆ ಜಿಗಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ಮೆಲ್ಲಗೆ ಹಾಡು ಕೇಳುತ್ತಿದ್ದವರ ಗತಿ? ದೂರುಗಳ ಮೇಲೆ ದೂರು ಬಂದವು. ಉಬುಂಟು, ಡೆಬಿಯನ್‌ನಂಥ ವಿತರಣೆಗಳು ಈ ಪದ್ಧತಿಯನ್ನು ನಿಷ್ಕ್ರಿಯಗೊಳಿಸಿಯೇ ಹಂಚಿದವು. ಈ ಜಗಳದಲ್ಲಿ ನಾನು ದೂರು ಕೊಟ್ಟವರ ಕಡೆ. ಆಪ್ ತನ್ನ ಸದ್ದನ್ನು ತಾನು ಏರಿಸಿಕೊಳ್ಳಲಿ, ಇಳಿಸಿಕೊಳ್ಳಲಿ. ಮಾಸ್ಟರ್ ಮಾತ್ರ ಕೂತು ಕೇಳುವವರ ಸ್ವತ್ತು. ಅತಿಥಿ ಭಾಷಣಕಾರ ಎದ್ದು ಬಂದು ಆಂಪ್ಲಿಫೈಯರಿನ ಮಾಸ್ಟರ್ ತಿರುಗಿಸಿದರೆ ಮೈಕ್‌ಸೆಟ್ಟಿನವರು ಸುಮ್ಮನಿರುತ್ತಾರೆಯೇ?

ಸ್ಲೈಡರನ್ನು ಮಧ್ಯಕ್ಕೆ ತಂದರೆ ಸದ್ದು ಅರ್ಧವಾಗುತ್ತದೆಯೇ? ಇಲ್ಲ! ನಮ್ಮ ಕಿವಿ ಕೂಡಿಸುವ ಲೆಕ್ಕ ಬಲ್ಲದ್ದಲ್ಲ, ಗುಣಿಸುವ ಲೆಕ್ಕದ್ದು. ಸದ್ದು ‘ಅರ್ಧವಾಯಿತು’ ಎಂದು ಕಿವಿಗೆ ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಲೆಯ ಎತ್ತರವನ್ನು ನೇರವಾಗಿ ಅರ್ಧ ಮಾಡಿದರೆ ಇಳಿಯುವುದು 6 ಡೆಸಿಬೆಲ್ ಮಾತ್ರ. ಹಾಗೆ ನೇರ ಲೆಕ್ಕದಲ್ಲಿ ಮಾಡಿದ ಸ್ಲೈಡರ್ ಮೇಲಿನ ಅರ್ಧದಲ್ಲಿ ಏನೂ ಆಗದಂತೆ ನಟಿಸಿ, ಕೆಳಗಿನ ಹತ್ತನೇ ಒಂದು ಭಾಗದಲ್ಲಿ ದಬಕ್ಕನೆ ಬೀಳುತ್ತದೆ. ಪಲ್ಸ್‌ಆಡಿಯೋ ಇದಕ್ಕೆ ಘನದ ಲೆಕ್ಕ ಹಿಡಿಯಿತು. ಸ್ಲೈಡರ್ 50ರಲ್ಲಿದ್ದರೆ ಅರ್ಧ ಗುಣಿಸು ಅರ್ಧ ಗುಣಿಸು ಅರ್ಧ, ಅಂದರೆ ಅಲೆಯ ಎತ್ತರ ಎಂಟನೇ ಒಂದು ಪಾಲು, 18 ಡೆಸಿಬೆಲ್ ಕಡಿತ.

ಈ ಗುಟ್ಟು ರೇಡಿಯೋ ರಿಪೇರಿಯವರಿಗೆ ಕಂಪ್ಯೂಟರಿಗಿಂತ ಮುಂಚೆಯೇ ಗೊತ್ತು. ಟ್ರಾನ್ಸಿಸ್ಟರಿನ ವಾಲ್ಯೂಮ್ ಕಂಟ್ರೋಲ್ ಕೆಟ್ಟಾಗ ಗುಣಿಸುವ ಲೆಕ್ಕದ ‘ಲಾಗ್’ ಬಿಡಿಭಾಗವನ್ನೇ ಕೇಳಿ ತರುತ್ತಾರೆ. ಅಂಗಡಿಯಲ್ಲಿ ಸಿಗುವ ಬಹುಪಾಲು ಬಿಡಿಭಾಗಗಳ ಮೇಲೆ ಲಾಗ್‌ಗೆ ‘ಎ’, ನೇರ ಲೆಕ್ಕದ್ದಕ್ಕೆ ‘ಬಿ’ ಎಂಬ ಗುರುತಿರುತ್ತದೆ.

ಡೆಸಿಬೆಲ್‌ನೊಳಗಿನ ‘ಬೆಲ್’ ಯಾರು? ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್.

ನೂರಕ್ಕಿಂತ ಹೆಚ್ಚು ವಾಲ್ಯೂಮ್ ಸಾಧ್ಯವೇ? ಪಲ್ಸ್‌ಆಡಿಯೋದ ಸ್ಲೈಡರ್ ಸುಮಾರು 153ರ ತನಕ, ಅಂದರೆ 11 ಡೆಸಿಬೆಲ್ ಹೆಚ್ಚುವರಿ ಏರುತ್ತದೆ. ಹಳೆಯ ಹರಿಕಥೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಮೆತ್ತನೆಯ ದನಿಗೆ ಇದು ವರ. ಆದರೆ ಮೊದಲೇ ಜೋರಾಗಿರುವ ಹಾಡನ್ನು ಹೀಗೆ ಏರಿಸಿದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. 16 ಬಿಟ್ ಸದ್ದಿನಲ್ಲಿ ಒಟ್ಟು ಮೆಟ್ಟಿಲುಗಳು 65,536. ಅದರಾಚೆಗೆ ಮೆಟ್ಟಿಲೇ ಇಲ್ಲ. ಎರಡು ಆಪ್‌ಗಳು ಪೂರ್ಣ ದನಿಯಲ್ಲಿ ಒಟ್ಟಿಗೆ ಹಾಡಿದಾಗಲೂ ಇದೇ ಅಪಾಯ. ಅದಕ್ಕೇ ವಿಸ್ತಾದಿಂದೀಚೆಗೆ ವಿಂಡೋಸ್ 32 ಬಿಟ್‌ನ ದಶಾಂಶ ಲೆಕ್ಕದಲ್ಲಿ ಸದ್ದುಗಳನ್ನು ಬೆರೆಸಿ, ಕೊನೆಗೆ ಮಿತಿ ಮೀರಿದ್ದನ್ನು ತಡೆಯುವ ‘ಲಿಮಿಟರ್’ ಒಂದರ ಮೂಲಕ ಹಾಯಿಸಿ ಹೊರಗೆ ಬಿಡುತ್ತದೆ.

ಸ್ಲೈಡರನ್ನು ಸರ್ರನೆ ಎಳೆದಾಗ ಸ್ಪೀಕರ್ ‘ಟಕ್ ಟಕ್’ ಎನ್ನುವುದೇಕೆ? ಅಲೆಯ ಎತ್ತರ ಒಮ್ಮೆಲೇ ಬದಲಾದರೆ ಆ ಜಿಗಿತವೇ ಒಂದು ಸದ್ದು. ಒಳ್ಳೆಯ ತಂತ್ರಾಂಶ ಕೆಲವು ಮಿಲಿಸೆಕೆಂಡುಗಳ ಇಳಿಜಾರು ಹಾಕಿ ಇಳಿಸುತ್ತದೆ.

ಸ್ಲೈಡರೇ ಇಲ್ಲದ ಕಾಲದಲ್ಲಿ ಒಬ್ಬೊಬ್ಬರ ಸದ್ದನ್ನು ಹೇಗೆ ಹೊಂದಿಸುತ್ತಿದ್ದರು? ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ದೇವಾಲಯದ ಕೆಲಸ ಶುರುವಾದದ್ದು 1121ರಲ್ಲಿ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಅದಕ್ಕೂ ನಾಲ್ಕು ವರ್ಷ ಮುಂಚೆ, 1117ರಲ್ಲಿ. ಎರಡೂ ಕಡೆಯ ಗೋಡೆಗಳಲ್ಲಿ ನರ್ತಿಸುವವರ ಅಕ್ಕಪಕ್ಕ ಮದ್ದಳೆಯವರು, ತಾಳದವರು, ಕೊಳಲಿನವರು ಇದ್ದಾರೆ. ಗೈಡ್ ಶಿಲಾಬಾಲಿಕೆಯ ಬಳೆ ತೋರಿಸುವಾಗ ನೀವು ಮದ್ದಳೆಯವನ ಕೈ ನೋಡಿ. ಕರೆಂಟಿಲ್ಲದ ಕಾಲದ ವಾಲ್ಯೂಮ್ ಕಂಟ್ರೋಲ್ ಎಂದರೆ ಅದೇ: ನುಡಿಸುವವನ ಕೈಯ ಬಿಗಿ, ಅವನು ನಿಂತ ಜಾಗ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಮದ್ದಳೆಯವನನ್ನು ನಾಲ್ಕು ಹೆಜ್ಜೆಯಿಂದ ಎಂಟು ಹೆಜ್ಜೆಗೆ ಸರಿಸಿದರೆ ಅವನ ಸ್ಲೈಡರ್ ಕೆಳಗೆ ಬಂದಂತೆ, ಹಾಡುವವಳದ್ದು ಇದ್ದಂತೆಯೇ ಇರುತ್ತದೆ. ಬೇಲೂರಿನ ನವರಂಗದ ಒಳಗೆ ಈ ಲೆಕ್ಕ ಇಷ್ಟು ಚೊಕ್ಕವಾಗಿ ನಡೆಯುವುದಿಲ್ಲ, ಏಕೆಂದರೆ ಕಲ್ಲಿನ ಗೋಡೆ, ಕಲ್ಲಿನ ಚಾವಣಿ ಸದ್ದನ್ನು ಹೀರುವುದಿಲ್ಲ, ವಾಪಸು ಎಸೆಯುತ್ತವೆ.

ಮದ್ದಳೆಯ ಮಾತು ಬಂದಾಗ ಇನ್ನೊಂದು. ಹಾಡಿನ ವಾಲ್ಯೂಮ್ ತೀರಾ ಇಳಿಸಿದರೆ ಮೊದಲು ಮಾಯವಾಗುವುದು ಯಾವುದು? ಮೃದಂಗದ ಎಡಗೈ. ಸದ್ದು ಸಣ್ಣದಾದಂತೆ ನಮ್ಮ ಕಿವಿ ಮಂದ್ರದ ದನಿಗಳಿಗೆ ಹೆಚ್ಚು ಕಿವುಡಾಗುತ್ತದೆ ಎಂದು 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಅಮೆರಿಕನ್ನರು ಅಳೆದು ತೋರಿಸಿದರು. ಹಳೆಯ ಟೇಪ್‌ರೆಕಾರ್ಡರಿನಲ್ಲಿ ‘ಲೌಡ್‌ನೆಸ್’ ಎಂಬ ಗುಂಡಿ ಇರುತ್ತಿತ್ತಲ್ಲ, ಅದು ಈ ಕೊರತೆ ತುಂಬಲೆಂದೇ. ಮೃದಂಗದ ಬಲಗಡೆಯ ಕಪ್ಪು ಕರಣೆ ಬರೀ ಡಬಡಬ ಆಗಬಹುದಾದ ಚರ್ಮದಿಂದ ಶ್ರುತಿಬದ್ಧ ನಾದ ಹೊರಡಿಸುವುದು ಹೇಗೆ ಎಂದು ವಿವರಿಸಿದವರು ಸಿ.ವಿ. ರಾಮನ್. ಆ ಪ್ರಬಂಧ 1934ರಲ್ಲಿ ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಅಕಾಡೆಮಿ ಹುಟ್ಟಿದ್ದೂ ಅದೇ ವರ್ಷ.

ಕರೆ ಬಂದಾಗ ಹಾಡು ತಾನಾಗಿ ತಗ್ಗುವುದನ್ನು ಗಮನಿಸಿದ್ದೀರಾ? ಇದು ವಿಂಡೋಸಿಗೆ ಬಂದದ್ದು 2009ರ ವಿಂಡೋಸ್ 7ರಲ್ಲಿ. ನೀವು ಏನನ್ನೂ ಬದಲಿಸದಿದ್ದರೆ ಉಳಿದ ಸದ್ದುಗಳು 80 ಪ್ರತಿಶತ ಇಳಿಯುತ್ತವೆ. 50 ಪ್ರತಿಶತ ಇಳಿಸು, ಪೂರ್ತಿ ಮುಚ್ಚು, ಏನೂ ಮಾಡಬೇಡ ಎಂಬ ಆಯ್ಕೆಗಳೂ ಇವೆ. ಅಮೆರಿಕದಿಂದ ಮಗಳು ಕರೆ ಮಾಡಿದಾಗ ಇದು ಒಳ್ಳೆಯದೇ. ಕರೆ ಮುಗಿದ ಮೇಲೂ ಆ ಪ್ರೋಗ್ರಾಂ ಸಾಲನ್ನು ಬಿಡದೆ ಹಿಡಿದುಕೊಂಡಿದ್ದರೆ ಮಾತ್ರ ಹಾಡು ನೆಲಮಾಳಿಗೆಯಿಂದ ಬಂದಂತೆ ಕೇಳುತ್ತದೆ, ಸ್ಪೀಕರ್ ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವುದಾಗುತ್ತದೆ. ಆಂಡ್ರಾಯ್ಡ್ 8ರಿಂದ ಫೋನುಗಳೂ ಇದನ್ನು ತಾವೇ ಮಾಡುತ್ತವೆ. ನಕ್ಷೆಯ ದನಿ ‘ಎಡಕ್ಕೆ ತಿರುಗಿ’ ಎಂದಾಗ ಹಾಡು ಕ್ಷಣಕಾಲ ಕುಗ್ಗಿ ಮತ್ತೆ ಏಳುತ್ತದೆ.

ಕಣ್ಣು ಕಾಣುವವರಿಗೆ ಇದೆಲ್ಲ ಅನುಕೂಲದ ಮಾತು. ಕಾಣದವರಿಗೆ ಇದು ಅಗತ್ಯ. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾಯಿತು. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಕೃತಕ ದನಿ ಕನ್ನಡವನ್ನೂ ಓದುತ್ತದೆ, ಉಚ್ಚಾರ ಕೊಂಚ ಯಂತ್ರದ್ದೇ ಆದರೂ. ಓದುವ ದನಿ, ಹಾಡಿನ ದನಿ, ಸಭೆಯಲ್ಲಿ ಮಾತಾಡುವವರ ದನಿ ಮೂರೂ ಒಂದೇ ಎತ್ತರದಲ್ಲಿ ಬಂದರೆ ಯಾವುದನ್ನು ಹಿಡಿಯುವುದು? 2016ರಲ್ಲಿ ಎನ್‌ವಿಡಿಎ ತಾನು ಮಾತಾಡುವಾಗ ಉಳಿದ ಸದ್ದುಗಳನ್ನು ತಗ್ಗಿಸುವುದನ್ನು ಕಲಿತಿತು. 2024ರಲ್ಲಿ ಇನ್ನೂ ಜಾಣ ಉಪಾಯ ಬಂತು: ಓದುವ ದನಿ ಎಡಗಿವಿಗೆ, ಉಳಿದ ಆಪ್‌ಗಳೆಲ್ಲ ಬಲಗಿವಿಗೆ. ಬೇಕಿದ್ದರೆ ಕಿವಿ ಅದಲುಬದಲು. ಇಲ್ಲಿ ವಾಲ್ಯೂಮ್ ಮುಟ್ಟಲೇ ಇಲ್ಲ, ಜಾಗ ಬದಲಿಸಿದ್ದಷ್ಟೇ. ಈ ಅಂಕಣದಲ್ಲಿರುವ ಎಲ್ಲ ಉಪಾಯಗಳಲ್ಲಿ ನನಗೆ ಅತಿ ಮೆಚ್ಚಾದದ್ದು ಇದು.

ಆಪ್‌ಗೊಂದು ಸ್ಲೈಡರ್ ಇದ್ದರೂ ಟಿವಿ ಆಪ್‌ನಲ್ಲಿ ಧಾರಾವಾಹಿ ಮಧ್ಯದ ಜಾಹೀರಾತಿನ ಅಬ್ಬರ ಏಕೆ ನಿಲ್ಲುವುದಿಲ್ಲ? ಎರಡೂ ಒಂದೇ ಆಪ್‌ನಿಂದ ಬರುತ್ತವೆ, ಅದಕ್ಕೆ. ಮಿಕ್ಸರಿಗೆ ಆಪ್ ಗೊತ್ತು, ಅದರೊಳಗಿನ ಅತ್ತೆ ಸೊಸೆ ಗೊತ್ತಿಲ್ಲ. ಈ ಕೆಲಸ ಪ್ರಸಾರ ಮಾಡುವವರ ಕಡೆಯೇ ಆಗಬೇಕು. ಯುರೋಪಿನ ಪ್ರಸಾರಕರು 2010ರಲ್ಲಿ ಸರಾಸರಿ ಸದ್ದಿಗೆ ಒಂದು ಅಳತೆ ನಿಗದಿ ಮಾಡಿಕೊಂಡರು. ಜಾಹೀರಾತು ಮಿತಿಮೀರಿ ಜೋರಾಗಿರಕೂಡದೆಂದು ನಮ್ಮ ಕೇಬಲ್ ಟಿವಿ ನಿಯಮಗಳ ಜಾಹೀರಾತು ಸಂಹಿತೆಯಲ್ಲೂ ಬರೆದಿದೆ. ಬರೆದದ್ದು ನಿಜ!

ಬ್ರೌಸರಿನದೂ ಇದೇ ಹಣೆಬರಹ. ಒಂದು ಟ್ಯಾಬಿನಲ್ಲಿ ಆನ್‌ಲೈನ್ ಪಾಠ, ಇನ್ನೊಂದರಲ್ಲಿ ಯಕ್ಷಗಾನ, ಮೂರನೆಯದರಲ್ಲಿ ತಾನಾಗಿ ಕೂಗಲು ಶುರುವಿಟ್ಟ ಸುದ್ದಿ ವಿಡಿಯೋ. ವಿಂಡೋಸ್ ಮಿಕ್ಸರಿನಲ್ಲಿ ಇಷ್ಟಕ್ಕೂ ಸಾಮಾನ್ಯವಾಗಿ ಒಂದೇ ಕಂಬ. ಹಾಗಾಗಿ ಬ್ರೌಸರುಗಳೇ ದಾರಿ ಹುಡುಕಿಕೊಂಡವು. 2015ರ ನವೆಂಬರಿನ ಫೈರ್‌ಫಾಕ್ಸ್ 42ರಲ್ಲಿ ಸದ್ದು ಮಾಡುವ ಟ್ಯಾಬಿನ ಮೇಲೆ ಸ್ಪೀಕರ್ ಚಿತ್ರ ಬಂತು, ಒತ್ತಿದರೆ ಆ ಟ್ಯಾಬ್ ಮಾತ್ರ ಮೌನ. 2018ರ ಏಪ್ರಿಲ್‌ನಲ್ಲಿ ಬಂದ ಕ್ರೋಮ್ 66 ಕೇಳದೆ ಕೂಗುವ ವಿಡಿಯೋಗಳಿಗೆ ತಡೆ ಹಾಕಿತು.

ಯೂಟ್ಯೂಬ್ ಹಾಡು ನಿಮ್ಮ ಕಿವಿ ಮುಟ್ಟುವ ಮೊದಲು ಎಷ್ಟು ಸ್ಲೈಡರ್ ದಾಟುತ್ತದೆ? ಯೂಟ್ಯೂಬಿನದೇ ಒಂದು, ಮಿಕ್ಸರಿನಲ್ಲಿ ಬ್ರೌಸರಿನದೊಂದು, ವಿಂಡೋಸ್ ಮಾಸ್ಟರ್ ಒಂದು, ಸ್ಪೀಕರಿನ ಮೈಮೇಲಿನ ಗುಂಡಿ ಇನ್ನೊಂದು. ಬ್ಲೂಟೂತ್ ಹೆಡ್‌ಫೋನಾದರೆ ಅದಕ್ಕೂ ತನ್ನದೇ ಅಳತೆ: ಸೊನ್ನೆಯಿಂದ 127.

‘ಸೌಂಡೇ ಬರ್ತಿಲ್ಲ ಸಾರ್’ ಎಂಬ ದೂರಿಗೆ ಅರ್ಧ ಕಾರಣ ಮರೆವು. ಕಂಪ್ಯೂಟರಿನದಲ್ಲ, ನಮ್ಮದು. ವಿಂಡೋಸೂ ಪಲ್ಸ್‌ಆಡಿಯೋವೂ ಆಯಾ ಪ್ರೋಗ್ರಾಂಗೆ ನೀವು ಇಟ್ಟ ವಾಲ್ಯೂಮನ್ನು ನೆನಪಿಟ್ಟುಕೊಳ್ಳುತ್ತವೆ. ಯುಗಾದಿಗೆ ಮ್ಯೂಟ್ ಮಾಡಿದ ವಿಎಲ್‌ಸಿ ದೀಪಾವಳಿಗೆ ತೆರೆದರೂ ಮ್ಯೂಟ್. ನೆನಪು ಬೇಡವೆಂದಲ್ಲ, ಪ್ರತಿ ಸಲ ಹೊಸದಾಗಿ ಹೊಂದಿಸುವುದು ಯಾರಿಗೆ ಬೇಕು? ಆದರೆ ‘ಈ ಆಪ್ ಅನ್ನು ನೀವೇ ಮುಚ್ಚಿದ್ದೀರಿ’ ಎಂದು ಎದುರಿಗೆ ಒಂದು ಸಾಲು ತೋರಿಸಿದ್ದರೆ ಎಷ್ಟೋ ಸ್ಪೀಕರುಗಳು ರಿಪೇರಿ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಆಪಲ್‌ನವರು ಏನು ಮಾಡಿದ್ದಾರೆ? ಮ್ಯಾಕ್‌ನಲ್ಲಿ ಹುಟ್ಟಿನಿಂದ ಬಂದ ಆಪ್‌ವಾರು ಮಿಕ್ಸರ್ ಇಲ್ಲದೆಯೇ ವರ್ಷಗಳು ಉರುಳಿದವು. ಬೇಕಾದವರು ‘ಸೌಂಡ್‌ಸೋರ್ಸ್’ ಎಂಬುದನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಇಲ್ಲವೇ ‘ಬ್ಯಾಕ್‌ಗ್ರೌಂಡ್ ಮ್ಯೂಸಿಕ್’ ಎಂಬ ಮುಕ್ತ ತಂತ್ರಾಂಶ ಹಾಕಿಕೊಳ್ಳುತ್ತಾರೆ. ಫೋನುಗಳ ದಾರಿ ಬೇರೆ. ಆಂಡ್ರಾಯ್ಡ್ ಆಪ್ ನೋಡಿ ಗುಂಡಿ ಕೊಡುವುದಿಲ್ಲ, ಕೆಲಸ ನೋಡಿ ಕೊಡುತ್ತದೆ: ರಿಂಗ್, ಹಾಡು-ವಿಡಿಯೋ, ಅಲಾರಾಂ, ಕರೆ. ರಾತ್ರಿ ಹಾಡು ಮುಚ್ಚಿ ಮಲಗಿದರೂ ಬೆಳಗಿನ ಅಲಾರಾಂ ಹೊಡೆಯುವುದು ಇದರಿಂದಲೇ. ಅರಸೀಕೆರೆಯಲ್ಲಿ ಬೆಳಗಿನ ಜಾವದ ರೈಲು ಹಿಡಿಯುವವರು ಈ ವಿನ್ಯಾಸಕ್ಕೆ ಕೈಮುಗಿಯಬೇಕು.

ಪಲ್ಸ್‌ಆಡಿಯೋ ಈಗ ಎಲ್ಲಿದೆ? ಬಹುಪಾಲು ನಿವೃತ್ತ. ವಿಮ್ ತಾಯ್ಮನ್ಸ್ ಎಂಬವರು ಆರಂಭಿಸಿದ ಹೊಸ ತಂತ್ರಾಂಶ ಪೈಪ್‌ವೈರ್ 2021ರ ಫೆಡೋರಾ 34ರಲ್ಲಿ, 2022ರ ಉಬುಂಟು 22.10ರಲ್ಲಿ ಅದರ ಕುರ್ಚಿ ಹಿಡಿಯಿತು. ಕುರ್ಚಿ ಬದಲಾದದ್ದು ಹೆಚ್ಚಿನವರಿಗೆ ತಿಳಿಯಲೇ ಇಲ್ಲ, ಏಕೆಂದರೆ ಪಲ್ಸ್‌ಆಡಿಯೋಗೆಂದು ಬರೆದ ಹಳೆಯ ಮಿಕ್ಸರ್ ಕಿಟಕಿಯೇ ಪೈಪ್‌ವೈರ್ ಮೇಲೂ ನಡೆಯುತ್ತದೆ.

ಮನೆಯೊಳಗೆ ಸ್ಲೈಡರ್ ನಮ್ಮದು, ಬೀದಿಯಲ್ಲಿ ಸರಕಾರದ್ದು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಜಾತ್ರೆಗಳಿಗೆಂದು ರಾಜ್ಯ ಸರಕಾರ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ರಿಯಾಯಿತಿ ಕೊಡಬಹುದು. ಹೆಡ್‌ಫೋನಿಗೆ ಪೊಲೀಸರಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಿದೆ: 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ.

ಇಷ್ಟೆಲ್ಲ ಓದಿ ‘ಆ ಮಿಕ್ಸರ್ ಎಲ್ಲಿದೆ ಮಾರಾಯರೇ’ ಎನ್ನುವವರಿಗೆ: ವಿಂಡೋಸ್ 11ರಲ್ಲಿ ವಿಂಡೋಸ್ ಕೀ, ಕಂಟ್ರೋಲ್ ಕೀ, ‘ವಿ’ ಮೂರನ್ನೂ ಒಟ್ಟಿಗೆ ಒತ್ತಿ. ವಿಂಡೋಸ್ 7 ಮತ್ತು 10ರಲ್ಲಿ ಗಡಿಯಾರದ ಪಕ್ಕದ ಸ್ಪೀಕರ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ವಾಲ್ಯೂಮ್ ಮಿಕ್ಸರ್’ ಆರಿಸಿ. ದಿನವೂ ಬಳಸುವವರಾದರೆ ‘ಇಯರ್ ಟ್ರಂಪೆಟ್’ ಎಂಬ ಉಚಿತ ಆಪ್ ಹಾಕಿಕೊಳ್ಳಿ, ಎಲ್ಲ ಸ್ಲೈಡರ್ ಒಂದೇ ಒತ್ತಿಗೆ ಸಿಗುತ್ತವೆ. ಕಿಟಕಿ ತೆರೆದಾಗ ನಿಮ್ಮ ಆಪ್‌ನ ಹೆಸರು ಕಾಣದಿದ್ದರೆ ಗಾಬರಿಯಾಗಬೇಡಿ. ಸದ್ದು ಮಾಡದ ಆಪ್‌ಗೆ ಅಲ್ಲಿ ಜಾಗವಿಲ್ಲ. ಮೊದಲು ಹಾಡು ಹಾಕಿ, ಆಮೇಲೆ ಕಿವಿ ಹಿಂಡಿ.